ಬ್ಯಾಗ್ ಹೊತ್ತವರು ಗೆದ್ದ ಇಂಡಿಯನ್ ಓಪನ್: ಗಾಲ್ಫ್ ಆಡಳಿತದವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಭಾರತೀಯ ಗಾಲ್ಫ್ ಯೂನಿಯನ್ನಿನ ಪದಾಧಿಕಾರಿಗಳು,
ಕರ್ನಾಟಕದ ಗಾಲ್ಫ್ ಕ್ಲಬ್ಬುಗಳ ಆಡಳಿತ ಸಮಿತಿಗಳು,
ಹಾಗೂ ರಾಜ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ.

ಮಾನ್ಯರೇ,

ನಾನು ಬೆಂಗಳೂರಿನ ಒಂದು ಗಾಲ್ಫ್ ಕೋರ್ಸಿನಲ್ಲಿ ಒಂಬತ್ತು ವರ್ಷ ಕ್ಯಾಡಿಯಾಗಿ, ಅಂದರೆ ಆಟಗಾರರ ಬ್ಯಾಗ್ ಹೊತ್ತವನು. ನಮ್ಮಮ್ಮ ಅದೇ ಕೋರ್ಸಿಗೆ ಕಳೆ ಕೀಳುವ ಕೂಲಿಗೆ ಹೋಗುತ್ತಿದ್ದರು. ಈಗ ನನ್ನದೊಂದು ಪಂಪು, ಮೋಟರ್ ರಿಪೇರಿ ಅಂಗಡಿ ಇದೆ. ಬ್ಯಾಗ್ ಕೆಳಗಿಟ್ಟು ಇಪ್ಪತ್ತು ವರ್ಷವಾದರೂ ಭಾನುವಾರ ರಾತ್ರಿ ಯಾವ ಟೂರ್ನಿ ಯಾರು ಗೆದ್ದರು ಅಂತ ನೋಡದೆ ನಾನು ಮಲಗುವುದಿಲ್ಲ.

ಹೋದ ತಿಂಗಳು ಒಂದು ಕ್ಲಬ್ಬಿನಿಂದ ಬೋರ್‌ವೆಲ್ ಮೋಟರ್ ಸುಟ್ಟಿದೆ ಅಂತ ಕರೆ ಬಂತು, ಹೋದೆ. ಪಂಪ್‌ಹೌಸಿನ ಹಿಂದೆ ಹತ್ತು ಹನ್ನೊಂದು ವರ್ಷದ ಒಬ್ಬ ಹುಡುಗ ಪಿವಿಸಿ ಪೈಪಿನ ತುಂಡು ಹಿಡಿದು ನೀಲಗಿರಿ ಕಾಯಿಗಳನ್ನು ಒಂದೊಂದಾಗಿ ಹೊಡೆಯುತ್ತಿದ್ದ. ಮಾಲಿಯ ಮಗ. ನಾನು ಸ್ಪ್ಯಾನರ್ ಕೆಳಗಿಟ್ಟು ಅವನ ಕೈ ನೋಡಿದೆ. ಎಡಗೈಯ ತೋರುಬೆರಳ ಮೇಲೆ ಬಲಗೈಯ ಕಿರುಬೆರಳು ಸರಿಯಾಗಿ ಕೂತಿತ್ತು. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಬೇಲಿಯಾಚೆ ಆಡುವವರನ್ನು ನೋಡಿ ನೋಡಿ ಬಂದದ್ದು. ಹೊಡೆದ ಮೇಲೂ ತಲೆ ಎತ್ತುತ್ತಿರಲಿಲ್ಲ. ದುಡ್ಡು ಕೊಟ್ಟು ಕಲಿಯುವವರಿಗೆ ಆ ಒಂದು ಅಭ್ಯಾಸ ಬರುವುದಕ್ಕೆ ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಸೆಕ್ಯುರಿಟಿಯವರು ಬಂದು ಪೈಪು ಕಿತ್ತುಕೊಂಡರು. "ಇಲ್ಲಿ ಆಡಬಾರದು ಅಂತ ಎಷ್ಟು ಸಲ ಹೇಳೋದು ನಿಂಗೆ?" ಹತ್ತು ಮಾರು ದೂರದಲ್ಲಿ ಅವನ ಅಪ್ಪ ಗಿಡಗಳಿಗೆ ನೀರು ಬಿಡುತ್ತಿದ್ದರು. ಅವರು ತಲೆ ಎತ್ತಲಿಲ್ಲ.

ಕ್ಲಬ್ಬಿನ ಹೆಸರು ನಾನು ಬರೆಯುವುದಿಲ್ಲ. ಆ ಸೆಕ್ಯುರಿಟಿಯವರೂ ಸಂಬಳಕ್ಕೆ ದುಡಿಯುವವರೇ, ಅವರಿಗೆ ಕೊಟ್ಟ ಆರ್ಡರ್ ಅದು. ಆದರೆ ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ. ನಮ್ಮ ದೇಶದ ದೊಡ್ಡ ಗಾಲ್ಫ್ ಟೂರ್ನಿಗಳಲ್ಲಿ ಒಂದಾದ ಇಂಡಿಯನ್ ಓಪನ್ನಿನ ಚರಿತ್ರೆ ತೆಗೆದು ನೋಡಿದರೆ ಅದು ಇಂಥ ಹುಡುಗರ ಚರಿತ್ರೆಯೇ. ಅದನ್ನು ನಿಮಗೆ ನೆನಪಿಸಿ ಒಂದು ಬೇಡಿಕೆ ಇಡೋಣ ಅಂತ ಈ ಪತ್ರ.

ಈ ಓಪನ್ ಎನ್ನುವ ಮಾತಿನ ಹುಟ್ಟೇ ನೋಡಿ. 1860ರಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ ಮೊದಲ ಚಾಂಪಿಯನ್‌ಶಿಪ್ ನಡೆದಾಗ ಆಡಿದ್ದು ಬರೇ ಎಂಟು ಜನ, ಎಲ್ಲರೂ ವೃತ್ತಿಯವರು. ಮಾರನೇ ವರ್ಷ ಅಲ್ಲಿನ ಕ್ಲಬ್ಬಿನವರು ಇದು ಇಡೀ ಜಗತ್ತಿಗೆ ತೆರೆದಿದೆ ಅಂತ ಘೋಷಿಸಿದರು. ಅಂದಿನಿಂದ ಇದು ಓಪನ್. ವೃತ್ತಿಯವನೋ, ಹವ್ಯಾಸಿಯೋ, ಯಾವ ಊರು, ಯಾರ ಮಗ ಅಂತ ಕೇಳುವ ಹಾಗಿಲ್ಲ. ಆಟ ಇದ್ದರೆ ಅರ್ಹತಾ ಸುತ್ತು ಆಡು, ಮೊದಲ ಎರಡು ದಿನದ ಆಟದಲ್ಲಿ ಕಟ್ ದಾಟಿ ಮುಂದಿನ ಎರಡು ದಿನಕ್ಕೆ ಉಳಿದುಕೊ, ನಾಲ್ಕನೇ ದಿನ ಎಲ್ಲರಿಗಿಂತ ಕಡಿಮೆ ಹೊಡೆತದಲ್ಲಿ ಮುಗಿಸು, ಕಪ್ ನಿನ್ನದು.

ಭಾರತದಲ್ಲಿ ಗಾಲ್ಫ್ ಯೂನಿಯನ್ ಶುರುವಾದದ್ದು 1955ರಲ್ಲಿ, ಮೊದಲ ಇಂಡಿಯನ್ ಓಪನ್ ನಡೆದದ್ದು 1964ರಲ್ಲಿ, ದೆಹಲಿ ಗಾಲ್ಫ್ ಕ್ಲಬ್ಬಿನಲ್ಲಿ. ಕೋರ್ಸಿನ ಒಳಗೇ ಹಳೇ ಗೋರಿಗಳು, ಗುಮ್ಮಟಗಳು ನಿಂತಿರುವ ಜಾಗ ಅದು. ಚೆಂಡು ಹೊಡೆದುಕೊಂಡು ಹೋಗುವ ಹುಲ್ಲಿನ ದಾರಿ, ಅಂದರೆ ಫೇರ್‌ವೇ, ಎಷ್ಟು ಕಿರಿದು ಅಂದರೆ, ಎರಡೂ ಕಡೆಯ ಪೊದೆಗೆ ಹೆದರಿ ದೊಡ್ಡ ದೊಡ್ಡ ಆಟಗಾರರೇ ತುಂಬ ದೂರ ಹೊಡೆಯುವ ಕೋಲಾದ ಡ್ರೈವರನ್ನು ಬ್ಯಾಗಿನಿಂದ ತೆಗೆಯುವುದಿಲ್ಲ. ಮೊದಲ ಓಪನ್ ಗೆದ್ದವರು ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್. ಬ್ರಿಟಿಷ್ ಓಪನ್ನನ್ನು ಒಟ್ಟು ಐದು ಸಲ ಗೆದ್ದ ಮನುಷ್ಯ. ಇಂಥದ್ದೊಂದು ಟೂರ್ನಿ ಭಾರತದಲ್ಲಿ ಆಗಬೇಕು ಅಂತ ಮುಂದೆ ನಿಂತವರೂ ಅವರೇ. 1966ರಲ್ಲಿ ಮತ್ತೆ ಗೆದ್ದರು, 1976ರಲ್ಲಿ ಇನ್ನೊಮ್ಮೆ. ನಮ್ಮ ಬೆಂಗಳೂರಿಗೂ ಅವರಿಗೂ ನಂಟಿದೆ. ಚಲ್ಲಘಟ್ಟ ಕೆರೆಯ ಜಾಗದಲ್ಲಿ ಎದ್ದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ (ಕೆಜಿಎ) ಕೋರ್ಸ್ ಅವರ ಕಂಪನಿಯದೇ ವಿನ್ಯಾಸ. ಕೆರೆ ಹೋದದ್ದರ ಬಗ್ಗೆ ನನಗೆ ಬೇರೆಯೇ ಸಂಕಟ ಇದೆ, ಅದನ್ನು ಇನ್ನೊಂದು ದಿನ ಬರೆಯುತ್ತೇನೆ.

ಎರಡನೇ ವರ್ಷ, 1965ರಲ್ಲಿ, ಕೋಲ್ಕತ್ತದಲ್ಲಿ ನಮ್ಮವರೇ ಗೆದ್ದರು. ಪಿ.ಜಿ. ಸೇಠಿ, ಬಿಲ್ಲೂ ಸೇಠಿ ಅಂತ ಕರೆಯುತ್ತಿದ್ದರು. ಹವ್ಯಾಸಿ ಆಟಗಾರ. ಆ ಟೂರ್ನಿಯನ್ನು ಗೆದ್ದ ಒಬ್ಬನೇ ಹವ್ಯಾಸಿ ಅವರು. ಆಮೇಲೆ ಜಪಾನಿನವರು, ತೈವಾನಿನವರು, ಆಸ್ಟ್ರೇಲಿಯಾದವರು, ಅಮೆರಿಕದವರು ಬಂದರು, ಗೆದ್ದರು, ಹೋದರು. 1981ರಲ್ಲಿ ಗೆದ್ದ ಪೇನ್ ಸ್ಟುವರ್ಟ್ ಮುಂದೆ ಯುಎಸ್ ಓಪನ್ನನ್ನೇ ಎರಡು ಸಲ ಗೆದ್ದರು. ಇಪ್ಪತ್ತಾರು ವರ್ಷ ಒಬ್ಬ ಭಾರತೀಯನ ಕೈಗೂ ಕಪ್ ಬರಲಿಲ್ಲ. ಈ ಇಪ್ಪತ್ತಾರು ವರ್ಷವೂ ದೇಶದಲ್ಲಿ ಕ್ಲಬ್ಬುಗಳಿದ್ದವು. ಕೋಲ್ಕತ್ತದ ರಾಯಲ್ ಕ್ಲಬ್ 1829ರದು, ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ಹುಲ್ಲು, ದುಡ್ಡು, ಬೇಕಾದ ಕ್ಲಬ್ ಸೆಟ್ಟು (ಚೆಂಡು ಹೊಡೆಯುವ ಕೋಲಿಗೂ ಕ್ಲಬ್ ಅಂತಲೇ ಹೆಸರು), ಎಲ್ಲ ಇದ್ದವರು ಆಡುತ್ತಲೇ ಇದ್ದರು.

ಆ ಬರ ನೀಗಿಸಿದವರು ಯಾರು ಗೊತ್ತೇ? ದೆಹಲಿಯಲ್ಲಿ ಕ್ಯಾಡಿಯಾಗಿ ಬೆಳೆದ ಅಲಿ ಶೇರ್. 1991ರಲ್ಲಿ ಗೆದ್ದರು. ಅದೃಷ್ಟ ಎಂದವರಿಗೆ 1993ರಲ್ಲಿ ಮತ್ತೊಮ್ಮೆ ಗೆದ್ದು ತೋರಿಸಿದರು. ನಾನು ಕ್ಯಾಡಿಗಳ ಶೆಡ್ಡಿಗೆ ಸೇರಿದಾಗ ನನಗೆ ಹದಿನಾಲ್ಕು ವರ್ಷ. ಅಲ್ಲಿನ ಹಿರಿಯ ಕ್ಯಾಡಿಗಳ ಬಾಯಲ್ಲಿ ಅಲಿ ಶೇರ್ ಹೆಸರು ದೇವರ ಹೆಸರಿನ ಹಾಗೆ ಬರುತ್ತಿತ್ತು. ಅವರ ಮುಖವನ್ನು ಯಾರೂ ನೋಡಿದವರಲ್ಲ. ಪೇಪರಿನಿಂದ ಕತ್ತರಿಸಿದ ಒಂದು ಕಪ್ಪುಬಿಳುಪು ಫೋಟೋ ಶೆಡ್ಡಿನ ಗೋಡೆಗೆ ಅಂಟಿತ್ತು, ಅಷ್ಟೇ.

ಆಮೇಲೆ ಸಾಲು ಹಿಡಿಯಿತು. 2002ರಲ್ಲಿ ಲಖನೌದ ವಿಜಯ್ ಕುಮಾರ್, ಅವರೂ ಬ್ಯಾಗ್ ಹೊತ್ತವರು. 2013ರಲ್ಲಿ ಗೆದ್ದ ಬಾಂಗ್ಲಾದೇಶದ ಸಿದ್ದಿಕುರ್ ರೆಹಮಾನ್, ಢಾಕಾದ ಕೋರ್ಸಿನಲ್ಲಿ ಚೆಂಡು ಹೆಕ್ಕುತ್ತಾ ಆಟ ಕಲಿತವರು. 2016 ಮತ್ತು 2017ರಲ್ಲಿ ಎಸ್.ಎಸ್.ಪಿ. ಚೌರಾಸಿಯಾ, ಕೋಲ್ಕತ್ತದ ರಾಯಲ್ ಕ್ಲಬ್ಬಿನ ಹುಲ್ಲು ನೋಡಿಕೊಳ್ಳುವವರ ಮಗ. ಆ ಮನುಷ್ಯನ ತಾಳ್ಮೆ ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಗೆಲ್ಲುವುದಕ್ಕೆ ಮೊದಲು ಇದೇ ಟೂರ್ನಿಯಲ್ಲಿ ನಾಲ್ಕು ಸಲ ಎರಡನೇ ಸ್ಥಾನ. 2015ರಲ್ಲಂತೂ ಕೊನೆಯ ದಿನ ಏಳು ಹೊಡೆತ ಹಿಂದಿದ್ದ ಅನಿರ್ಬನ್ ಲಾಹಿರಿ ಬಂದು ಸಮ ಮಾಡಿ, ಸಮವಾದವರು ಮತ್ತೆ ಆಡುವ ಪ್ಲೇ-ಆಫ್‌ನಲ್ಲಿ ಕಪ್ ಒಯ್ದರು. ಲಾಹಿರಿ ಬೆಂಗಳೂರಿನಲ್ಲಿ ಪಳಗಿದವರು, ನನಗೆ ಅವರ ಬಗ್ಗೆ ಹೆಮ್ಮೆಯೇ. ಆದರೂ ಆ ದಿನ ನಾನು ಚೌರಾಸಿಯಾಗಾಗಿ ಅತ್ತೆ. ಮರುವರ್ಷ ಚೌರಾಸಿಯಾ ಗೆದ್ದರು. ಅದರ ಮುಂದಿನ ವರ್ಷ ಏಳು ಹೊಡೆತಗಳ ಅಂತರದಲ್ಲಿ ಗೆದ್ದರು.

ಈ ನಡುವೆ ಬಂತು 2009. ಈ ಪತ್ರ ಬರೆಯುವ ಧೈರ್ಯ ನನಗೆ ಬಂದಿದ್ದರೆ ಅದು ಆ ವರ್ಷದಿಂದ.

ನಾನು ಆಗಲೇ ಮೋಟರ್ ವೈಂಡಿಂಗ್ ಕೆಲಸಕ್ಕೆ ಸೇರಿದ್ದೆ. ಭಾನುವಾರ ಸಂಜೆ ಶೆಡ್ಡಿನ ಹಳೇ ಗೆಳೆಯ ಫೋನ್ ಮಾಡಿದ. ಹಲೋ ಕೂಡ ಅನ್ನಲಿಲ್ಲ. "ಮುನಿಯಪ್ಪ ಗೆದ್ಬಿಟ್ರು ಕಣೋ!" ಅಂದ. "ಯಾವ್ದು?" ಅಂದೆ. "ಇಂಡಿಯನ್ ಓಪನ್ನು!" ನಾನು ಫೋನ್ ಹಿಡಿದುಕೊಂಡೇ ರಸ್ತೆಗೆ ಬಂದು ನಿಂತೆ. ಚಿನ್ನಸ್ವಾಮಿ ಮುನಿಯಪ್ಪ, ಬೆಂಗಳೂರಿನವರು, ನಮ್ಮ ಹಾಗೇ ಕ್ಯಾಡಿಯಾಗಿ ಶುರು ಮಾಡಿದವರು, ಗುರುಗ್ರಾಮದಲ್ಲಿ ಕೊರಿಯಾದ ಆಟಗಾರನನ್ನು ಪ್ಲೇ-ಆಫ್‌ನಲ್ಲಿ ಸೋಲಿಸಿದ್ದರು. ಬಹುಮಾನ ಹತ್ತಿರ ಹತ್ತಿರ 2 ಲಕ್ಷ ಡಾಲರ್. ಅವರ ಪರಿಚಯ ನನಗಿರಲಿಲ್ಲ, ಇವತ್ತಿಗೂ ಇಲ್ಲ. ಆದರೆ ಆ ರಾತ್ರಿ ನಮ್ಮಮ್ಮನಿಗೆ ಸುದ್ದಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಆ ಹುಡುಗನ ತಾಯಿ ಇದಾರಂತಾ? ನೋಡಿದ್ರಂತಾ?"

ನಾನು ಲೆಕ್ಕ ಇಟ್ಟಿದ್ದೇನೆ. 1964ರಿಂದ 2025ರವರೆಗೆ ಭಾರತೀಯರು ಈ ಓಪನ್ ಗೆದ್ದದ್ದು 13 ಸಲ. ಅದರಲ್ಲಿ ಕಡಿಮೆಯೆಂದರೂ 6 ಗೆಲುವು ಬ್ಯಾಗ್ ಹೊತ್ತವರದು, ಹುಲ್ಲು ಕತ್ತರಿಸಿದವರ ಮಕ್ಕಳದು: ಅಲಿ ಶೇರ್ ಎರಡು, ವಿಜಯ್ ಕುಮಾರ್ ಒಂದು, ಮುನಿಯಪ್ಪ ಒಂದು, ಚೌರಾಸಿಯಾ ಎರಡು. ಉಳಿದವುಗಳಲ್ಲಿ ಜ್ಯೋತಿ ರಾಂಧವಾ ಒಬ್ಬರದೇ ಮೂರು. ಮೆಂಬರ್‌ಶಿಪ್ ಇಲ್ಲದವರು, ಸ್ವಂತ ಕ್ಲಬ್ ಸೆಟ್ ಇಲ್ಲದವರು, ಕೋಚ್ ಇಲ್ಲದವರು ದೇಶಕ್ಕೆ ಬಂದ ಕಪ್‌ಗಳಲ್ಲಿ ಸುಮಾರು ಅರ್ಧವನ್ನು ತಂದುಕೊಟ್ಟಿದ್ದಾರೆ. ಬೇರೆ ಯಾವ ದುಬಾರಿ ಆಟದಲ್ಲಿ ಹೀಗಾಗಿದೆ, ನೀವೇ ಹೇಳಿ.

ಅದು ಹೇಗೆ ಆಯಿತು ಅಂತ ಒಳಗಿದ್ದವನಾಗಿ ಹೇಳುತ್ತೇನೆ. ಬ್ಯಾಗ್ ಹೊರುವವನಿಗೆ ದಿನಕ್ಕೆ 18 ಹೋಲಿನ ಒಂದು ಪೂರ್ತಿ ಸುತ್ತು, ಒಮ್ಮೊಮ್ಮೆ 36. ಒಂದೊಂದು ಗ್ರೀನಿನ, ಅಂದರೆ ಗುಂಡಿಯ ಸುತ್ತಲಿನ ನುಣುಪು ಹುಲ್ಲಿನ ಜಾಗದ, ಇಳಿಜಾರು ಅವನ ಅಂಗಾಲಿಗೆ ಗೊತ್ತಿರುತ್ತದೆ. ಗ್ರೀನ್ ಓದುವುದನ್ನು ನನಗೆ ಕಲಿಸಿದ್ದು ನಮ್ಮಮ್ಮ. ಅವರು ಇಡೀ ಗ್ರೀನನ್ನು ಕುಕ್ಕರಗಾಲಲ್ಲಿ ಕೂತು, ಅಂಗುಲ ಅಂಗುಲ ಸರಿಯುತ್ತಾ ಕಳೆ ಕೀಳುತ್ತಿದ್ದವರು. "ಹುಲ್ಲು ಮಿರಿ ಮಿರಿ ಅಂತಿದ್ರೆ ಅದು ನಿನಗೆ ಬೆನ್ನು ಹಾಕಿ ಮಲಗಿದೆ ಅಂತ, ಚೆಂಡು ಜಾರ್ಕೊಂಡು ಹೋಗತ್ತೆ. ಕಪ್ಪಗೆ ಕಂಡ್ರೆ ಅದು ನಿನ್ನ ಕಡೆ ಮುಖ ಮಾಡಿದೆ, ಚೆಂಡನ್ನ ತಡೆಯತ್ತೆ" ಅಂತ ಹೇಳಿಕೊಟ್ಟರು. ಗ್ರೀನಿನ ಮೇಲೆ ಚೆಂಡು ಉರುಳಿಸುವ ಕೋಲಾದ ಪಟರನ್ನು ಒಮ್ಮೆಯೂ ಹಿಡಿಯದ ಹೆಂಗಸು. ಮರುದಿನ ನಾನು ಒಬ್ಬ ಮೆಂಬರಿಗೆ "ಸರ್, ಇದು ತಡೆಯತ್ತೆ, ಸ್ವಲ್ಪ ಜೋರಾಗಿ" ಅಂದೆ. ಚೆಂಡು ಗುಂಡಿಗೆ ಬಿತ್ತು. ಹತ್ತು ರೂಪಾಯಿ ಭಕ್ಷೀಸು ಕೊಟ್ಟರು, ಅದನ್ನು ಅಮ್ಮನ ಕೈಗೆ ಕೊಟ್ಟೆ.

ಆಡುವುದಕ್ಕೆ ನಮಗೆ ಸಿಗುತ್ತಿದ್ದದ್ದು ಸೋಮವಾರ. ಅವತ್ತು ಕೋರ್ಸಿಗೆ ರಜೆ, ಹುಲ್ಲಿನ ಕೆಲಸ. ಬೆಳಿಗ್ಗೆ ಬೆಳಕು ಹರಿಯುವ ಹೊತ್ತಿಗೆ ನಾಲ್ಕು ಹುಡುಗರು ಸೇರಿ ಮೂರು ಕ್ಲಬ್ಬಿನಲ್ಲಿ ಆಡುತ್ತಿದ್ದೆವು: ಒಂದು ಸವೆದ ಫೈವ್ ಐರನ್, ಮೆಂಬರೊಬ್ಬರು ಕೊಟ್ಟ ವೆಜ್, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದ ಪಟರ್. ಒಂದೇ ಐರನ್ನಿನಲ್ಲಿ ಉದ್ದ, ಗಿಡ್ಡ, ಎತ್ತರ, ತಗ್ಗು ಎಲ್ಲ ಹೊಡೆಯಬೇಕಾದರೆ ಕೈ ತಾನಾಗಿ ಪಳಗುತ್ತದೆ. ಚೌರಾಸಿಯಾ ಅವರ ಚಿಪ್ಪಿಂಗ್, ಪಟ್ಟಿಂಗ್ ನೋಡಿ ಜನ ಬೆರಗಾಗುವುದುಂಟು. ನನಗೆ ಅದರಲ್ಲಿ ಸೋಮವಾರದ ಬೆಳಗು ಕಾಣುತ್ತದೆ.

ನಮ್ಮ ಕೋರ್ಸಿನಲ್ಲಿ ಒಂದು ವರ್ಷ ಹುಲ್ಲು ಹಾಳಾಗುತ್ತದೆ ಅಂತ ಸೋಮವಾರವನ್ನೂ ನಿಲ್ಲಿಸಿದರು. ನೋಟೀಸು ಅಂಟಿಸಿದ ದಿನ ಶೆಡ್ಡಿನಲ್ಲಿ ಯಾರೂ ಇಸ್ಪೀಟು ಆಡಲಿಲ್ಲ. ಅದಾದ ಎರಡು ವರ್ಷಕ್ಕೆ ನಾನು ಬಿಟ್ಟೆ. ನನ್ನಲ್ಲಿ ಓಪನ್ ಆಡುವ ಆಟ ಇತ್ತು ಅಂತ ನಾನು ಹೇಳುತ್ತಿಲ್ಲ. ನಮ್ಮ ನಾಲ್ವರಲ್ಲಿ ಒಬ್ಬನಿಗೆ ಇತ್ತು. ಅವನು ಈಗ ಟೆಂಪೋ ಓಡಿಸುತ್ತಾನೆ.

ಈಗ ಆ ಶೆಡ್ಡುಗಳೂ ಖಾಲಿಯಾಗುತ್ತಿವೆ. ಬ್ಯಾಟರಿ ಕಾರ್ಟ್ ಬಂದವು, ತಳ್ಳುವ ಟ್ರಾಲಿ ಬಂದವು. ಚಿಕ್ಕ ಮಕ್ಕಳ ಹೆಗಲಿಗೆ ಬ್ಯಾಗ್ ಹಾಕಬಾರದು ಎನ್ನುವುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಹದಿನಾಲ್ಕಕ್ಕೆ ನಾನು ಶಾಲೆ ಬಿಟ್ಟದ್ದು ನನಗೆ ಇವತ್ತಿಗೂ ನೋವೇ. ಮತ್ತೆ ಆ ಕಾಲ ಬರಲಿ ಅಂತ ಕೇಳುತ್ತಿಲ್ಲ. ಬಡವರ ಮಕ್ಕಳಿಗೆ ಆಟದ ಒಳಗೆ ಬರಲು ಇದ್ದ ಒಂದೇ ಹಿಂಬಾಗಿಲು ಅದಾಗಿತ್ತು. ಅದು ಮುಚ್ಚುತ್ತಿದೆ, ಅದರ ಬದಲಿಗೆ ಮುಂಬಾಗಿಲು ಯಾರೂ ತೆರೆದಿಲ್ಲ. ಆ ಮುಂಬಾಗಿಲನ್ನು ಕೇಳುತ್ತಿದ್ದೇನೆ.

ಬಾಗಿಲು ತೆರೆದರೆ ಏನಾಗುತ್ತದೆ ಅನ್ನುವುದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿ ಇದೆ. ಅದಿತಿ ಅಶೋಕ್ ಅವರ ಮನೆಯಲ್ಲಿ ಯಾರೂ ಗಾಲ್ಫ್ ಆಡಿದವರಲ್ಲ. ತಂದೆ ತಾಯಿ ಜೊತೆ ತಿಂಡಿಗೆ ಹೋಗುತ್ತಿದ್ದ ಜಾಗದಿಂದ ಗಾಲ್ಫ್ ಹೊಡೆತ ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜ್ ಕಾಣುತ್ತಿತ್ತು. ಮಗು ನೋಡಿತು, ಐದನೇ ವಯಸ್ಸಿನಲ್ಲಿ ಕ್ಲಬ್ ಹಿಡಿಯಿತು. 2016ರಲ್ಲಿ ಮಹಿಳೆಯರ ಇಂಡಿಯನ್ ಓಪನ್ ಗೆದ್ದಿತು, ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದಿತು. ಬಿಡದಿ ಕಡೆಯ ಹಳ್ಳಿಯ ಎಸ್. ಚಿಕ್ಕರಂಗಪ್ಪ ಚೆಂಡು ಹೆಕ್ಕುವ ಹುಡುಗನಾಗಿ ಕೋರ್ಸಿಗೆ ಬಂದವರು. ಕೋಚ್ ವಿಜಯ್ ದಿವೇಚಾ ಕಣ್ಣಿಗೆ ಬಿದ್ದರು, ವೃತ್ತಿ ಆಟಗಾರರಾದರು. ಒಬ್ಬರಿಗೆ ಬೇಲಿಯಾಚೆ ನೋಡುವ ಅವಕಾಶ ಸಿಕ್ಕಿತು, ಇನ್ನೊಬ್ಬರಿಗೆ ಕೈ ಹಿಡಿದು ಒಳಗೆ ಕರೆಯುವ ಗುರು ಸಿಕ್ಕರು. ಪಂಪ್‌ಹೌಸಿನ ಹಿಂದಿನ ಹುಡುಗನಿಗೆ ನೋಡುವ ಅವಕಾಶ ಇದೆ. ಕರೆಯುವವರಿಲ್ಲ.

2012ರ ಅಕ್ಟೋಬರಿನಲ್ಲಿ ಓಪನ್ ಮೊದಲ ಸಲ ನಮ್ಮ ಊರಿಗೆ ಬಂತು, ಕೆಜಿಎ ಕೋರ್ಸಿಗೆ. ನನ್ನನ್ನು ಹಿಂದೆ ಕರೆದುಕೊಳ್ಳುತ್ತಿದ್ದ ಒಬ್ಬ ಹಿರಿಯ ಮೆಂಬರ್ ಪಾಸ್ ಕೊಟ್ಟರು. ಅಂಗಡಿ ಮುಚ್ಚಿ ಎರಡು ದಿನ ನೋಡುವವರಿಗೆ ಕಟ್ಟಿದ ಹಗ್ಗದ ಪಕ್ಕ ನಿಂತೆ. ಥಾಯ್ಲೆಂಡಿನ ಥಾವೊರ್ನ್ ವಿರಾಚಂತ್ ಸ್ಕಾಟ್ಲೆಂಡಿನ ರಿಚಿ ರಾಮ್ಸೆಯನ್ನು ಪ್ಲೇ-ಆಫ್‌ನಲ್ಲಿ ಸೋಲಿಸಿದರು. ಥಾವೊರ್ನ್ ಅವರ ಸ್ವಿಂಗ್ ಯಾವ ಕೋಚೂ ಹೇಳಿಕೊಡುವಂಥದ್ದಲ್ಲ, ಕ್ಲಬ್ ಮೇಲೆ ಹೋಗಿ ಒಂದು ಸುತ್ತು ಸುತ್ತಿ ಕೆಳಗೆ ಬರುತ್ತದೆ. ನನ್ನ ಪಕ್ಕ ನಿಂತಿದ್ದ ಒಬ್ಬ ಕ್ಯಾಡಿ ಹುಡುಗ ಪಿಸುಮಾತಿನಲ್ಲಿ "ಅಣ್ಣಾ, ಇದು ನಮ್ ಶೆಡ್ ಸ್ವಿಂಗು" ಅಂದ. ಅವನ ಕಣ್ಣಲ್ಲಿ ಅವತ್ತು ಕಂಡದ್ದನ್ನು ನಾನು ಮರೆತಿಲ್ಲ. ಆಮೇಲೆ ಓಪನ್ ಮತ್ತೆ ದೆಹಲಿ, ಗುರುಗ್ರಾಮಕ್ಕೆ ಹೋಯಿತು. ಮರಳಿ ಬಂದಿಲ್ಲ.

ಈಗ ನನ್ನ ಬೇಡಿಕೆ. ಕೋಟಿಗಟ್ಟಲೆ ಖರ್ಚಿನದ್ದೇನೂ ಅಲ್ಲ.

ಕ್ಲಬ್ಬುಗಳ ಆಡಳಿತ ಸಮಿತಿಯವರೇ, ಸೋಮವಾರದ ಮೊದಲ ಎರಡು ಗಂಟೆ ಕೊಡಿ. ಆರರಿಂದ ಎಂಟು. ನಿಮ್ಮಲ್ಲಿ ದುಡಿಯುವ ಮಾಲಿ, ಕ್ಯಾಡಿ, ಕಳೆ ಕೀಳುವವರು, ಅಡುಗೆಯವರು, ಸೆಕ್ಯುರಿಟಿಯವರು, ಇವರ ಮಕ್ಕಳಿಗೆ. ಇಡೀ ಕೋರ್ಸ್ ಬೇಡ, ಒಂದು ಪ್ರಾಕ್ಟೀಸ್ ಗ್ರೀನ್ ಮತ್ತು ರೇಂಜಿನ ಒಂದು ಮೂಲೆ ಸಾಕು. ಮೆಂಬರ್ ಮನೆಗಳ ಅಟ್ಟದಲ್ಲಿ ಮಲಗಿರುವ ಹಳೇ ಸೆಟ್ಟುಗಳನ್ನು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಹುಲ್ಲು ಕಿತ್ತರೆ ಅದನ್ನು ಮತ್ತೆ ಕೂರಿಸುವುದು ಈ ಮಕ್ಕಳಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ಗಾಲ್ಫ್ ಯೂನಿಯನ್ನಿನವರೇ, ಓಪನ್ನನ್ನು ಇನ್ನೊಮ್ಮೆ ಬೆಂಗಳೂರಿಗೆ ತನ್ನಿ. ತಂದಾಗ ಇಂಥ ಮಕ್ಕಳಿಗೆ ಒಂದು ದಿನ ಹಗ್ಗದ ಒಳಗೆ ಜಾಗ ಕೊಡಿ. ಅರ್ಹತಾ ಸುತ್ತಿನ ಪ್ರವೇಶ ಶುಲ್ಕ ಕಟ್ಟಲಾಗದ ಕ್ಯಾಡಿ ಆಟಗಾರರಿಗೆ ಅದನ್ನು ಮನ್ನಾ ಮಾಡಿ. ನಿಮ್ಮ ಟೂರ್ನಿಯ ಪುಸ್ತಕದಲ್ಲಿ ಅಲಿ ಶೇರ್, ವಿಜಯ್ ಕುಮಾರ್, ಮುನಿಯಪ್ಪ, ಚೌರಾಸಿಯಾ ಹೆಸರಿನ ಮುಂದೆ ಸ್ಕೋರಿನ ಜೊತೆ ಇನ್ನೊಂದು ಸಾಲು ಬರೆಯಿರಿ, ಅವರು ಆಟಕ್ಕೆ ಹೇಗೆ ಬಂದರು ಅಂತ. ಓದುವ ಹುಡುಗನಿಗೆ ಸ್ಕೋರಿಗಿಂತ ಅದು ಮುಖ್ಯ.

ಕ್ರೀಡಾ ಇಲಾಖೆಯವರೇ, ಮೈಸೂರು, ಕೊಡಗು, ಚಿಕ್ಕಮಗಳೂರು, ಕೋಲಾರ, ಇಲ್ಲೆಲ್ಲ ಕೋರ್ಸುಗಳಿವೆ. ಸರ್ಕಾರದ ಜಾಗದಲ್ಲಿ ಲೀಸಿನ ಮೇಲೆ ಇರುವ ಕ್ಲಬ್ಬುಗಳ ಕರಾರು ನವೀಕರಿಸುವಾಗ ಈ ಎರಡು ಗಂಟೆಯನ್ನು ಒಂದು ಷರತ್ತಾಗಿ ಸೇರಿಸಿ. ಜೊತೆಗೆ ಇನ್ನೊಂದು: ಆಡಲು ಬರುವ ಮಗು ಶಾಲೆಗೆ ಹೋಗುತ್ತಿರಲೇಬೇಕು ಅಂತಲೂ ಬರೆಯಿರಿ. ನನಗೆ ತಪ್ಪಿದ್ದು ಅವರಿಗೆ ತಪ್ಪಬಾರದು.

ಮಕ್ಕಳನ್ನು ನೋಡಿಕೊಳ್ಳುವುದಕ್ಕೆ ಜನ ಎಲ್ಲಿ ಅಂತ ನೀವು ಕೇಳಬಹುದು. ನಮ್ಮ ಹಳೇ ಶೆಡ್ಡಿನ ಆರು ಜನರನ್ನು ನಾನು ಮಾತಾಡಿಸಿದ್ದೇನೆ, ಟೆಂಪೋ ಓಡಿಸುವವನೂ ಸೇರಿ. ಸಂಬಳ ಬೇಡ ಅಂದಿದ್ದಾರೆ. ನನ್ನ ಹತ್ತಿರ ಏಳು ಕ್ಲಬ್ ಇವೆ. ಮೂರಕ್ಕೆ ಹೊಸ ಹಿಡಿ ಹಾಕಿಸಿದ್ದೇನೆ. ಎರಡು ಐರನ್ನುಗಳ ಶಾಫ್ಟನ್ನು ಹನ್ನೊಂದು ವರ್ಷದ ಹುಡುಗನ ಎತ್ತರಕ್ಕೆ ಅಂಗಡಿಯಲ್ಲೇ ಕತ್ತರಿಸಿ ಇಟ್ಟಿದ್ದೇನೆ. ಯಾವ ಸೋಮವಾರ ಅಂತ ನೀವು ಹೇಳಿದರೆ, ಬೆಳಿಗ್ಗೆ ಐದೂಮುಕ್ಕಾಲಿಗೆ ನಿಮ್ಮ ಗೇಟಿನ ಹತ್ತಿರ ಇರುತ್ತೇವೆ.

ಇಂತಿ,
ಬೆಂಗಳೂರಿನ ಒಬ್ಬ ಹಳೇ ಕ್ಯಾಡಿ